ಬಾಯಾರಿದಾಗ ಬಾವಿ ತೋಡುವುದೇ?

2012ರ ಜನವರಿ 13ರ ರಾತ್ರಿ ಇಟಲಿಯ ಜಿಗ್ಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಭಾರಿ ವಿಹಾರನೌಕೆ ಬಂಡೆಗೆ ಬಡಿಯಿತು. ಹಡಗನ್ನು ತೊರೆಯಿರೆಂಬ ಆಜ್ಞೆ ಹೊರಡಲು ಒಂದು ಗಂಟೆಗೂ ಮಿಗಿಲಾದ ಕಾಲ ಕಳೆಯಿತು. ಅಷ್ಟರಲ್ಲಿ ಹಡಗು ವಾಲಿ, ಮೇಲೆದ್ದ ಪಕ್ಕದ ರಕ್ಷಣಾ ದೋಣಿಗಳನ್ನು ಇಳಿಸುವುದು ದುಸ್ತರವಾಯಿತು. 4,200ಕ್ಕೂ ಹೆಚ್ಚು ಜನರಲ್ಲಿ 32 ಮಂದಿ ಅಸುನೀಗಿದರು.

ಅಂದೇ ಹಡಗೇರಿದ ನೂರಾರು ಪ್ರಯಾಣಿಕರಿಗೆ ರಕ್ಷಣಾ ಅಭ್ಯಾಸ ನಡೆದಿರಲಿಲ್ಲ. 24 ಗಂಟೆಯೊಳಗೆ ನಡೆಸಿದರೆ ಸಾಕೆಂಬುದು ಆಗಿನ ನಿಯಮ. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ, ಇಲ್ಲವೇ ಹೊರಟ ಕೂಡಲೇ, ಅದು ಕಡ್ಡಾಯವಾಗಿದೆ.

ದೋಣಿಗಳಿದ್ದರಷ್ಟೇ ಸಾಲದು, ಸಕಾಲದಲ್ಲಿ ಅವುಗಳ ಬಳಿ ತಲುಪುವ ತಿಳಿವೂ ಬೇಕು. ಆದುದರಿಂದ ಸಮುದ್ರವಿಹಾರಕ್ಕೆ ಹೊರಟ ನಾವು ಊಟ-ವಿನೋದಗಳಿಗೆ ಮೊದಲು ಆ ಅಭ್ಯಾಸಕ್ಕೆ ಮನಸ್ಸು ಕೊಡೋಣ. ಸೇರಬೇಕಾದ ಸ್ಥಳವನ್ನೂ ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳನ್ನೂ ನೋಡಿಟ್ಟುಕೊಳ್ಳೋಣ.