ಯೋಗ್ಯತೆಯ ಅಳತೆಗೋಲು ಬಯಲಿನಲ್ಲಿರಲಿ

ಹೈಕೋರ್ಟಿನ ನ್ಯಾಯಾಧೀಶರ ನೇಮಕದ ಪ್ರಶ್ನೆಯು ನಮ್ಮ ದೇಶದಲ್ಲಿ ಬಹುಕಾಲದಿಂದ ಬಗೆಹರಿಯದೆ ನಿಂತಿದೆ. ದೇಶದ ಇಪ್ಪತ್ತೈದು ಹೈಕೋರ್ಟುಗಳಿಗೆ ಮಂಜೂರಾಗಿರುವ ನ್ಯಾಯಾಧೀಶರ ಸ್ಥಾನಗಳು 1122. ಇವುಗಳಲ್ಲಿ ಮುನ್ನೂರಕ್ಕೂ ಮಿಕ್ಕಿದ ಸ್ಥಾನಗಳು 2025ನೆಯ ಇಸವಿಯ ಬಹುಭಾಗ ಬರಿದಾಗಿಯೇ ಇದ್ದುವು. ಹೆಸರುಗಳನ್ನು ಸೂಚಿಸತಕ್ಕವರು ನ್ಯಾಯಾಧೀಶರು. ಹುಕುಂ ಹೊರಡಿಸತಕ್ಕವರು ಸರ್ಕಾರದವರು. ತಡವೇಕೆಂದು ಕೇಳಿದರೆ ಇವರು ಅವರ ಕಡೆಗೂ ಅವರು ಇವರ ಕಡೆಗೂ ಬೆರಳು ತೋರಿಸುವರು. ನಡುವೆ ಸಿಕ್ಕಿದ ಕಕ್ಷಿಗಾರನು ವಾಯಿದೆಯಿಂದ ವಾಯಿದೆಗೆ ಅಲೆಯುತ್ತಿರುವನು. ಈ ವ್ಯಾಜ್ಯದಲ್ಲಿ ಒಂದು ಪಕ್ಷವನ್ನು ಹಿಡಿಯುವುದಕ್ಕೆ ಮುಂಚೆ, ಸುಮಾರು ನೂರೈವತ್ತು ವರ್ಷಗಳ ಹಿಂದೆ ನಡೆದ ಒಂದು ನೇಮಕದ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ತಂಜಾವೂರು ಜಿಲ್ಲೆಯ ಒಂದು ಬಡ ಮನೆಯಲ್ಲಿ 1832ರಲ್ಲಿ ತಿರುವಾರೂರು ಮುತ್ತುಸ್ವಾಮಿ ಅಯ್ಯರ್ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಹುಡುಗನು ಹೊಟ್ಟೆಪಾಡಿಗಾಗಿ ಗ್ರಾಮದ ಕರಣಿಕನ ಕೈಕೆಳಗೆ ತಿಂಗಳಿಗೆ ಒಂದು ರೂಪಾಯಿ ಸಂಬಳಕ್ಕೆ ಲೆಕ್ಕ ಬರೆಯುತ್ತಿದ್ದನು. ಅವನ ಬುದ್ಧಿಯನ್ನು ಗುರುತಿಸಿದ ತಹಶೀಲ್ದಾರರೊಬ್ಬರು ಮದರಾಸಿಗೆ ಕಳುಹಿಸಿ ಓದಿಸಿದರು. ರಾತ್ರಿ ಬೀದಿಯ ದೀಪದ ಕೆಳಗೆ ಕುಳಿತು ಓದಿದರೆಂಬ ಕಥೆಯನ್ನು ಇಂದಿಗೂ ಆ ಪ್ರಾಂತದ ಹಿರಿಯರು ಮಕ್ಕಳಿಗೆ ಹೇಳುವುದುಂಟು. 1854ರಲ್ಲಿ ಪ್ರಬಂಧ ಸ್ಪರ್ಧೆಯೊಂದರಲ್ಲಿ 500 ರೂಪಾಯಿನ ಬಹುಮಾನವನ್ನು ಪಡೆದರು. 1856ರಲ್ಲಿ ತರಂಗಂಬಾಡಿಯ ಮುನಸೀಫರಾದರು. ಬಳಿಕ ಡೆಪ್ಯುಟಿ ಕಲೆಕ್ಟರರಾಗಿ, 1865ರಿಂದ ಮೂರು ವರ್ಷ ನಮ್ಮ ದಕ್ಷಿಣ ಕನ್ನಡದಲ್ಲಿಯೇ ಸಬ್ ಜಡ್ಜಿಯಾಗಿ, ಆ ಮೇಲೆ ಮದರಾಸು ಪಟ್ಟಣದ ಪೊಲೀಸ್ ಮ್ಯಾಜಿಸ್ಟ್ರೇಟರಾಗಿ, 1871ರಿಂದ ಸ್ಮಾಲ್ ಕಾಸ್ ಕೋರ್ಟಿನ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಮ್ಯಾಜಿಸ್ಟ್ರೇಟರಾಗಿದ್ದಾಗ, ದೇಶೀಯನೊಬ್ಬನನ್ನು ಹೊಡೆದನೆಂಬ ಫಿರ್ಯಾದಿನ ಮೇಲೆ ಹೈಕೋರ್ಟಿನ ಬಿಳಿಯ ನ್ಯಾಯಾಧೀಶನೊಬ್ಬನಿಗೇ ಸಮನ್ಸು ಕಳುಹಿಸಿ, ಖುದ್ದು ಹಾಜರಿಯಿಂದ ವಿನಾಯಿತಿ ಕೊಡಬೇಕೆಂಬ ಸಲಹೆಗೆ ಒಪ್ಪದೆ, ದಂಡ ವಿಧಿಸಿದರೆಂದು ಹೇಳುವರು. ದಂಡದ ಮೊತ್ತ ಮೂರೇ ರೂಪಾಯಿ. ಆದರೆ ಅದರ ತೂಕವನ್ನು ಅಂದಿನ ಜನರು ಚೆನ್ನಾಗಿ ಬಲ್ಲವರಾಗಿದ್ದರು.

ಮದರಾಸು ಹೈಕೋರ್ಟು 1862ರಲ್ಲಿ ಸ್ಥಾಪಿತವಾಯಿತು. 1861ರ ಶಾಸನದ ಮೇರೆಗೆ ಮೂರರಲ್ಲಿ ಒಂದು ಪಾಲಿಗಿಂತ ಕಡಮೆಯಿಲ್ಲದಷ್ಟು ನ್ಯಾಯಾಧೀಶರು ಬ್ಯಾರಿಸ್ಟರರೂ, ಇನ್ನೊಂದು ಪಾಲಿಗಿಂತ ಕಡಮೆಯಿಲ್ಲದಷ್ಟು ಮಂದಿ ಸಿವಿಲ್ ಸರ್ವಿಸಿನವರೂ ಆಗಿರತಕ್ಕದ್ದು. ಮುಖ್ಯ ನ್ಯಾಯಾಧೀಶರಂತೂ ಬ್ಯಾರಿಸ್ಟರರೇ ಆಗಿರತಕ್ಕದ್ದು. ದೇಶೀಯ ವಕೀಲರಿಗೂ ಕೆಳಗಿನ ಕೋರ್ಟುಗಳ ಅಧಿಕಾರಿಗಳಿಗೂ ಉಳಿದದ್ದು ಕಿರಿದಾದ ಹಿತ್ತಿಲ ಬಾಗಿಲು ಮಾತ್ರ. 1870ರ ದಶಕದ ಕೊನೆಯಲ್ಲಿ ಆ ಬಾಗಿಲಿನಿಂದ ಮುತ್ತುಸ್ವಾಮಿ ಅಯ್ಯರು ಒಳಹೊಕ್ಕು, ಆ ಹೈಕೋರ್ಟಿನ ಪೀಠವನ್ನೇರಿದ ಮೊದಲನೆಯ ಭಾರತೀಯರಾದರು. ಒಡನೆಯೇ ಆಂಗ್ಲರು ನಡೆಸುತ್ತಿದ್ದ ಪತ್ರಿಕೆಗಳು ಹರಿಹಾಯ್ದುವು. ಅವುಗಳ ವಾದದ ಸಾರಾಂಶವಿಷ್ಟೇ: ದೇಶೀಯನು ಆ ಪದವಿಗೆ ತಕ್ಕವನಲ್ಲ. ದೇಶೀಯರ ಪರವಾಗಿ ಉತ್ತರ ಕೊಡಲು ಪತ್ರಿಕೆಯಿಲ್ಲವೆಂದು ನೊಂದ ಆರು ಮಂದಿ ತರುಣರು ಒಂದು ರೂಪಾಯಿ ಹನ್ನೆರಡಾಣೆ ಸಾಲ ತಂದು 1878ನೆಯ ಸೆಪ್ಟೆಂಬರ್ 20ರಂದು ಎಂಬತ್ತು ಪ್ರತಿಗಳ ವಾರಪತ್ರಿಕೆಯೊಂದನ್ನು ಹೊರತಂದರು. ಅದೇ ಇಂದಿನ ‘ಹಿಂದೂ’ ಪತ್ರಿಕೆ. ಒಬ್ಬ ನ್ಯಾಯಾಧೀಶರ ನೇಮಕದ ಚರ್ಚೆಯಿಂದ ಒಂದು ದೊಡ್ಡ ಪತ್ರಿಕೆಯು ಹುಟ್ಟಿತೆಂಬುದು ನಮ್ಮಂತಹ ಪತ್ರಿಕಾವೃತ್ತಿಯವರಿಗೆ ಮರೆಯಲಾಗದ ಸಂಗತಿ.

ಟೀಕಾಕಾರರ ಬಾಯಿ ಕಟ್ಟಿದುದು ಯಾವುದು? ಇಪ್ಪತ್ತು ವರ್ಷಗಳಿಗೂ ಮೀರಿ ಮುನಸೀಫನ ಕೋರ್ಟಿನಿಂದ ಹಿಡಿದು ಪಟ್ಟಣದ ಕೋರ್ಟಿನವರೆಗೆ ಎಲ್ಲರ ಕಣ್ಣೆದುರಿಗೆ ಬರೆದ ತೀರ್ಪುಗಳೇ ಹೊರತು ಯಾರ ಶಿಫಾರಸೂ ಅಲ್ಲ. ಅಂದು ಮಂಗಳೂರು, ಬಳ್ಳಾರಿಗಳ ಅಪೀಲುಗಳು ಹೋಗುತ್ತಿದ್ದುದೂ ಇದೇ ಹೈಕೋರ್ಟಿಗೆ. 1893ರಲ್ಲಿ ಕೆಲವು ತಿಂಗಳು ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿ ಹಂಗಾಮಿಯಾಗಿ ಕುಳಿತ ಇವರು ಬ್ಯಾರಿಸ್ಟರರಲ್ಲವಾದುದರಿಂದ ಆ ಪದವಿಯು ಇವರಿಗೆ ಖಾಯಮಾಗುವಂತಿರಲಿಲ್ಲ. 1895ರಲ್ಲಿ ಮೃತರಾಗುವವರೆಗೂ ನ್ಯಾಯಾಧೀಶರಾಗಿಯೇ ಇದ್ದರು. ಆ ಪೀಠಕ್ಕೆ ಭಾರತೀಯರೊಬ್ಬರು ಖಾಯಂ ಮುಖ್ಯ ನ್ಯಾಯಾಧೀಶರಾಗಿ ಬರಲು 1948ರಲ್ಲಿ ಪಿ. ವಿ. ರಾಜಮನ್ನಾರರ ಕಾಲವೇ ಆಗಬೇಕಾಯಿತು. ಯೋಗ್ಯತೆಯೆಂಬ ಮಾತಿನ ಮರೆಯಲ್ಲಿ ಬಾಗಿಲನ್ನು ಎಷ್ಟು ಕಾಲ ಮುಚ್ಚಿಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೂ ಅವರ ನಂತರದ ಇಬ್ಬರು ಹಿರಿಯರೂ ಕೂಡಿ ಹೆಸರುಗಳನ್ನು ಆರಿಸುವರು. ರಾಜ್ಯ ಸರ್ಕಾರದ ಅಭಿಪ್ರಾಯವೂ ಗುಪ್ತಚರ ಇಲಾಖೆಯ ವರದಿಯೂ ಸೇರಿ ಕಾಗದವು ದೆಹಲಿಗೆ ಹೋಗುವುದು. ಅಲ್ಲಿ ಸುಪ್ರೀಂ ಕೋರ್ಟಿನ ಮೂವರು ಹಿರಿಯರ ಕೊಲಿಜಿಯಂ ಒಪ್ಪಿದ ಮೇಲೆ ರಾಷ್ಟ್ರಪತಿಗಳ ಹುಕುಂ ಹೊರಡುವುದು. ಕೊಲಿಜಿಯಮಿಗೆ ಮೇಲುಗೈ ಬಂದುದು 1993ರ ತೀರ್ಪಿನಿಂದ. ಅದನ್ನು ಬದಲಾಯಿಸಲು ಪಾರ್ಲಿಮೆಂಟು 2014ರಲ್ಲಿ ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2015ರ ಅಕ್ಟೋಬರಿನಲ್ಲಿ ರದ್ದುಪಡಿಸಿತು.

ನ್ಯಾಯಾಧೀಶರ ನೇಮಕವು ಸರ್ಕಾರದವರ ಮುಷ್ಟಿಗೆ ಹೋಗಬೇಕೆಂದು ನಾವು ಹೇಳುವವರಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಹದಿನಾರು ಮಂದಿ ಹೈಕೋರ್ಟ್ ನ್ಯಾಯಾಧೀಶರು ತಮ್ಮ ಒಪ್ಪಿಗೆಯಿಲ್ಲದೆ ವರ್ಗವಾದುದನ್ನೂ, ಅವರಲ್ಲಿ ಕರ್ನಾಟಕದ ಡಿ. ಎಂ. ಚಂದ್ರಶೇಖರ್, ಎಂ. ಸದಾನಂದಸ್ವಾಮಿ ಇವರಿಬ್ಬರೂ ಇದ್ದುದನ್ನೂ ಕನ್ನಡಿಗರು ಮರೆತಿಲ್ಲ. ಆದರೆ ಸರ್ಕಾರದ ಕೈಯಿಂದ ತಪ್ಪಿಸಿದ ಅಧಿಕಾರವು ಕತ್ತಲೆಯ ಕೋಣೆಯಲ್ಲಿ ಕುಳಿತರೆ ಪ್ರಜೆಗಳಿಗೆ ಬಂದ ಲಾಭವೇನು?

2017ರ ಸೆಪ್ಟೆಂಬರ್ ತಿಂಗಳ ಸಂಗತಿಯನ್ನು ನೆನೆಯಿರಿ. ಗುಜರಾತಿನಿಂದ ಕರ್ನಾಟಕ ಹೈಕೋರ್ಟಿಗೆ ಬಂದು ಇಲ್ಲಿ ಹಿರಿಯರಾಗಿದ್ದ ನ್ಯಾಯಾಧೀಶ ಜಯಂತ ಪಟೇಲರು, ನಿವೃತ್ತಿಗೆ ಒಂದು ವರ್ಷವೂ ಉಳಿದಿಲ್ಲದಾಗ ಅಲಹಾಬಾದಿಗೆ ವರ್ಗವೆಂಬ ಸುದ್ದಿ ತಿಳಿದು ರಾಜೀನಾಮೆಯನ್ನಿತ್ತರು. ಬೆಂಗಳೂರಿನಲ್ಲಿಯೂ ಗುಜರಾತಿನಲ್ಲಿಯೂ ವಕೀಲರು ಪ್ರತಿಭಟಿಸಿದರು. ವರ್ಗದ ಕಾರಣವು ಜನರಿಗೆ ವಿಶದವಾಗಿ ತಿಳಿಯಲಿಲ್ಲ. ಕಾರಣ ಸರಿಯಾದುದೇ ಇದ್ದಿರಬಹುದು. ಹೇಳದಿದ್ದುದರಿಂದ ಸಂಶಯವೇ ಕಾರಣದ ಸ್ಥಾನವನ್ನು ಆಕ್ರಮಿಸಿತು. ಇದಾದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ಕೊಲಿಜಿಯಂ ತನ್ನ ನಿರ್ಣಯಗಳನ್ನು ಕಾರಣಸಹಿತ ಪ್ರಕಟಿಸಲು ನಿಶ್ಚಯಿಸಿತು. ಇದು ಸ್ತುತ್ಯವಾದ ಹೆಜ್ಜೆ. ಆದರೆ ಆ ಮೇಲೆ ಪ್ರಕಟವಾದ ನಿರ್ಣಯಗಳು ಕೆಲವು ಸಲ ವಿವರವಾಗಿಯೂ ಅನೇಕ ಸಲ ಬರಿಯ ಹೆಸರುಗಳ ಪಟ್ಟಿಯಾಗಿಯೂ ಇರುವುದನ್ನು ಕಂಡರೆ, ತೆರೆದ ಕಿಟಕಿಯನ್ನು ಮತ್ತೆ ಅರ್ಧ ಮುಚ್ಚಿದಂತೆ ತೋರುತ್ತದೆ.

ಮುಚ್ಚಿದ ಕೋಣೆಯ ಫಲವು ಅಂಕೆಗಳಲ್ಲಿ ಕಾಣುವುದು. ಸರ್ಕಾರದವರು ಪಾರ್ಲಿಮೆಂಟಿಗೆ ಒಪ್ಪಿಸಿದ ಲೆಕ್ಕದ ಪ್ರಕಾರ, 2018ರಿಂದ 2025ರ ಆದಿಭಾಗದವರೆಗೆ ನೇಮಕವಾದ ಏಳುನೂರಕ್ಕೂ ಮಿಕ್ಕಿದ ಹೈಕೋರ್ಟ್ ನ್ಯಾಯಾಧೀಶರಲ್ಲಿ ಪರಿಶಿಷ್ಟ ಜಾತಿಯವರೂ ಪರಿಶಿಷ್ಟ ಪಂಗಡದವರೂ ಒಟ್ಟುಗೂಡಿಯೂ ನಲವತ್ತನ್ನು ಮುಟ್ಟಲಿಲ್ಲ. ಇಲ್ಲಿ ನಾವು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮುತ್ತುಸ್ವಾಮಿ ಅಯ್ಯರಿಗೆ ಹಣವಿರಲಿಲ್ಲ. ಆದರೆ ಅಕ್ಷರವು ಅವರ ಕುಲಕ್ಕೆ ಹೊಸದಾಗಿರಲಿಲ್ಲ. ಅದೇ ತಂಜಾವೂರಿನ ಗದ್ದೆಗಳಲ್ಲಿ ಹೊಟ್ಟೆಗೆ ಮಾತ್ರ ದುಡಿಯುತ್ತಿದ್ದವನ ಮಗನನ್ನು ಯಾವ ತಹಶೀಲ್ದಾರನೂ ಲೆಕ್ಕದ ಮಣೆಯ ಮುಂದೆ ಕಾಣುವಂತಿರಲಿಲ್ಲ. ಇಂದು ಅವನ ಮೊಮ್ಮಕ್ಕಳು ಲಾ ಕಾಲೇಜಿಗೆ ಬಂದಿರುವರು. ತಾಲ್ಲೂಕು ಕೋರ್ಟುಗಳಲ್ಲಿ ವಾದಿಸುತ್ತಿರುವರು. ಅವರ ಮುಂದೆ ಯೋಗ್ಯತೆಯೆಂಬ ಅದೇ ಹಳೆಯ ಮಾತನ್ನು, ಅದರ ಅಳತೆಯೇನೆಂದು ಹೇಳದೆ, ನಾವೇ ಎತ್ತಿ ಹಿಡಿದರೆ, ಅಂದಿನ ಆಂಗ್ಲ ಪತ್ರಿಕೆಗಳಿಗೂ ನಮಗೂ ಭೇದವೇನು?

ಕಾರಣಗಳನ್ನು ಬಯಲಿಗಿಟ್ಟರೆ ಆಯ್ಕೆಯಾಗದ ವಕೀಲರ ಮಾನಕ್ಕೆ ಕುಂದು ಬರುವುದೆಂದು ಕೆಲವರು ಹೇಳುವರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದಕಾರಣ ಆಯ್ಕೆಯಾಗದವರ ವಿಷಯವನ್ನು ಅವರಿಗೆ ಮಾತ್ರ ತಿಳಿಸಬಹುದು. ಆಯ್ಕೆಯಾದವರ ವಿಷಯದಲ್ಲಾದರೋ, ಎಷ್ಟು ವರ್ಷದ ವೃತ್ತಿ, ಎಂತಹ ಮೊಕದ್ದಮೆಗಳು, ಕೆಳಗಿನ ಕೋರ್ಟಿನಲ್ಲಿ ಎಂತಹ ತೀರ್ಪುಗಳು, ಯಾವ ಕಾರಣಕ್ಕಾಗಿ ಇತರರಿಗಿಂತ ಇವರು ಮೇಲು ಎಂಬುದನ್ನು ಪ್ರಕಟಿಸತಕ್ಕದ್ದು. ಸರ್ಕಾರದವರೂ ಹೆಸರನ್ನು ತಡೆದಿಟ್ಟರೆ ಅದರ ಕಾರಣವನ್ನು ಗೊತ್ತಾದ ಅವಧಿಯೊಳಗೆ ಬರೆದು ತಿಳಿಸತಕ್ಕದ್ದು. ತೀರ್ಪಿಗೆ ಕಾರಣ ಬರೆಯದ ಮುನಸೀಫನನ್ನು ಮೇಲಿನ ಕೋರ್ಟು ಆಕ್ಷೇಪಿಸುವುದಷ್ಟೆ? ಕೆಳಗಿನವರಿಗೆ ವಿಧಿಸಿದ ಧರ್ಮವು ಮೇಲಿನವರಿಗೆ ಬೇಡವೆ?

ಮದರಾಸು ಹೈಕೋರ್ಟಿನ ಕಟ್ಟಡದಲ್ಲಿ ಮುತ್ತುಸ್ವಾಮಿ ಅಯ್ಯರ ಅಮೃತಶಿಲೆಯ ಪ್ರತಿಮೆಯಿದೆ. ತಲೆಗೆ ರುಮಾಲು ಸುತ್ತಿ, ಬರಿಗಾಲಿನಲ್ಲಿ ಕುಳಿತಿರುವರು. ಕೋರ್ಟಿಗೆ ಬರುವ ಬಡ ಕಕ್ಷಿಗಾರನ ಕಾಲಿಗೂ ಆ ಕಾಲಿಗೂ ವ್ಯತ್ಯಾಸವಿಲ್ಲ. ಅಂತಹ ಕಾಲು ಇನ್ನೊಮ್ಮೆ ಆ ಮೆಟ್ಟಲನ್ನು ಹತ್ತಿ ಬಂದಾಗ, ಬಾಗಿಲಲ್ಲಿ ಹಿಡಿದಿರುವ ಅಳತೆಗೋಲು ಎಲ್ಲರಿಗೂ ಕಾಣುವಂತಿರಲಿ. ನಾವು ಬೇಡುವುದು ಇಷ್ಟೇ.