ಕೈತೋಟ: ಬಿಳಿ ಬಟನ್ ಗುಲಾಬಿ ಮತ್ತು ಸವಳು ನೀರು

ಬೇಸಿಗೆಯಲ್ಲೊಮ್ಮೆ ಬನಹಟ್ಟಿಯ ಸಹೋದರಿಯೊಬ್ಬರ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯ ತುಂಬ ಮಗ್ಗ, ಹಿಂದೆ ನಾಲ್ಕು ಹೆಜ್ಜೆಯಷ್ಟು ಹಿತ್ತಿಲು. ಅಲ್ಲಿ ಗೋಡೆಯ ಬುಡದಲ್ಲಿ ಮೂರು ಕುಂಡಗಳು ಸಾಲಾಗಿದ್ದವು. ಮೂರರಲ್ಲೂ ಒಣಗಿದ ಕಡ್ಡಿಗಳು. ಕಂಡಿಕೆ ಸುತ್ತಿ ಉಳಿಸಿದ ಹಣದಲ್ಲಿ ಅವರು ಚಳಿಗಾಲದಲ್ಲಿ ಬಿಳಿ ಬಟನ್ ಗುಲಾಬಿಯ ಮೂರು ಸಸಿಗಳನ್ನು ಕೊಂಡಿದ್ದರು.

“ಆಪಾ, ಒಂದ ದಿನಾನೂ ನೀರ ತಪ್ಪಿಸಿಲ್ಲ. ಆದ್ರೂ ಹೋದುವು ನೋಡ್ರಿ. ನಿನ್ನ ಕೈಗುಣಾನ ಛಲೋ ಇಲ್ಲ ಅಂತಾರ ಮನ್ಯಾಗ” ಎಂದರು. ನಗುತ್ತಲೇ ಹೇಳಿದರೂ ಅವರ ಕಣ್ಣು ನಗುತ್ತಿರಲಿಲ್ಲ.

ಕುಂಡದ ಬಾಯಿಯ ಸುತ್ತ ಬಿಳಿ ಪುಡಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಉದುರಿತು. ಅದು ಉಪ್ಪು. ಗಿಡಗಳನ್ನು ಕೊಂದದ್ದು ಅವರ ಕೈಯಲ್ಲ, ಕೊಳವೆಬಾವಿಯ ನೀರು. ಅದನ್ನು ಅವರು ಒಂದು ದಿನವೂ ತಪ್ಪಿಸದೆ ಹಾಕಿದ್ದರು ಅಷ್ಟೆ. ನೆರೆಮನೆಯವರು ನಜರ್ ಆಗಿದೆ ಎಂದೂ ಹೇಳಿದ್ದರಂತೆ. ನಜರ್ ನಿಜವೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲೆಯ ಅಂಚು ಸುಟ್ಟಂತೆ ಕಂದಾಗಿ ಒಣಗಿ, ಕುಂಡಕ್ಕೆ ಬಿಳಿ ಪುಡಿ ಕಟ್ಟಿದ್ದರೆ ಮೊದಲು ನೀರಿನ ಕೊಡವನ್ನು ನೋಡಬೇಕು.

ಬಟನ್ ಗುಲಾಬಿ ಎಂದು ನಾವು ಕರೆಯುವುದು ಕುಬ್ಜ ಜಾತಿಯ ಗುಲಾಬಿಯನ್ನು. ಗಿಡ ಒಂದು ಅಡಿಯಿಂದ ಒಂದೂವರೆ ಅಡಿ, ಹೂವು ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಗೊಂಚಲು ಗೊಂಚಲಾಗಿ ಬಿಡುತ್ತದೆ. ಇದರ ಮೂಲ ಚೀನಾದ ಗುಲಾಬಿ. ಸ್ವಿಟ್ಜರ್ಲೆಂಡಿನ ಹಳ್ಳಿಮನೆಗಳ ಕಿಟಕಿಯ ಕುಂಡದಲ್ಲಿದ್ದ ಪುಟ್ಟ ಗಿಡವೊಂದು 1920ರ ಸುಮಾರಿಗೆ ಸಸ್ಯಪ್ರಿಯರ ಕಣ್ಣಿಗೆ ಬಿದ್ದ ಮೇಲೆ ಈ ಜಾತಿಗೆ ಮತ್ತೆ ಬೆಲೆ ಬಂತು. ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್ ಎಂಬವರು ತಮ್ಮ ಆಯುಷ್ಯವನ್ನೇ ಇದಕ್ಕೆ ಕೊಟ್ಟರು. ಅವರ ‘ಗ್ರೀನ್ ಐಸ್’ 1971ರದು. ಬಿಳಿಯಾಗಿ ಅರಳಿ ನಿಧಾನವಾಗಿ ತಿಳಿಹಸಿರಿಗೆ ತಿರುಗುವ ತಳಿ. ‘ಪಾಪ್‌ಕಾರ್ನ್’ ಎಂಬ ಇನ್ನೊಂದು ಬಿಳಿ ತಳಿ 1973ರಲ್ಲಿ ಬಂತು. ನಮ್ಮ ಕಡೆ ಗಾಡಿಯಲ್ಲಿ ಸಸಿ ತರುವವರಿಗೆ ಈ ಹೆಸರುಗಳೆಲ್ಲ ಬೇಕಿಲ್ಲ, ಅವರಿಗೆ ಎಲ್ಲವೂ ‘ವೈಟ್ ಬಟನ್’. ಹೆಸರು ಕೇಳುವ ಬದಲು ಗಿಡ ನೋಡಿ ಕೊಳ್ಳಿ. ಬುಡದಿಂದಲೇ ಮೂರು ನಾಲ್ಕು ಕವಲು ಒಡೆದಿರಬೇಕು, ಎಲೆಯ ಅಡಿಭಾಗ ಸ್ವಚ್ಛವಾಗಿರಬೇಕು. ಹೂವು ಹೆಚ್ಚಿರುವ ಸಸಿಗಿಂತ ಚಿಗುರು ಹೆಚ್ಚಿರುವ ಸಸಿ ಒಳ್ಳೆಯದು. ಪರಿಮಳ ಮಾತ್ರ ನಿರೀಕ್ಷಿಸಬೇಡಿ. ಪರಿಮಳ ಬೇಕಾದವರು ಪನ್ನೀರು ಗುಲಾಬಿಯನ್ನೇ ಬೆಳೆಸಬೇಕು.

ಈಗ ನೀರಿನ ವಿಷಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಯೂ ಹೊಳೆ ಹತ್ತಿರವೇ ಇದ್ದರೂ ಮನೆಬಳಕೆಗೆ ಕೊಳವೆಬಾವಿಯ ನೀರು ತಪ್ಪಿದ್ದಲ್ಲ. ಕಬ್ಬಿನ ಹೊಲಗಳು ಸವಳಾಗಿ ಹಾಳಾಗುವುದನ್ನು ಈ ಭಾಗದ ರೈತ ಕುಟುಂಬಗಳು ಕಣ್ಣಾರೆ ಕಂಡಿವೆ. ಹೊಲದಲ್ಲಿ ವರ್ಷಗಟ್ಟಲೆ ಆಗುವುದು ಕುಂಡದಲ್ಲಿ ಕೆಲವೇ ತಿಂಗಳಲ್ಲಿ ಆಗಿಬಿಡುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಇನ್ನಷ್ಟು ಉಪ್ಪು ಸೇರುತ್ತದೆ. ಬೇರು ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ.

ಬೇರೆ ಮೂಲವಿಲ್ಲದಾಗ ಲೀಟರಿಗೆ 2000 ಮಿಲಿಗ್ರಾಂವರೆಗೆ ಲವಣವಿರುವ ನೀರನ್ನೂ ಕುಡಿಯಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಗುಲಾಬಿ ಅಷ್ಟು ತಾಳುವುದಿಲ್ಲ, 1000 ದಾಟಿದರೆ ಸೊರಗತೊಡಗುತ್ತದೆ. ನೀರಿನ ಫಿಲ್ಟರ್ ರಿಪೇರಿಗೆ ಬರುವವರ ಬಳಿ ಪೆನ್ನಿನಂತಹ ಚಿಕ್ಕ ಮೀಟರ್ ಇರುತ್ತದೆ. ನಿಮ್ಮ ಬೋರ್ ನೀರನ್ನು ಒಮ್ಮೆ ಅದರಲ್ಲಿ ಅಳೆಸಿ ನೋಡಿ. ಆರ್‌ಒ ಯಂತ್ರದ ಇನ್ನೊಂದು ಕೊಳವೆಯಿಂದ ಹೊರಬರುವ ನೀರನ್ನು ವ್ಯರ್ಥ ಮಾಡಬಾರದೆಂದು ಅನೇಕರು ಗಿಡಕ್ಕೆ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಬೋರ್ ನೀರಿನ ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಇಟ್ಟುಕೊಳ್ಳಿ. ನೂಲಿಗೆ ಬಣ್ಣ ಹಾಕಿದ ನೀರೂ ಬೇಡ.

ಹಾಗಾದರೆ ಯಾವ ನೀರು ಹಾಕಬೇಕು? ನಲ್ಲಿಯಲ್ಲಿ ಹೊಳೆಯ ನೀರು ಬಂದ ದಿನ ಎರಡು ಕೊಡ ಗಿಡದ ಪಾಲಿಗೆ ತೆಗೆದಿಡಿ. ಆ ನೀರಿನಲ್ಲಿ ವುಝೂ ಮಾಡುವಾಗ ಕೆಳಗೊಂದು ಬೋಗುಣಿ ಇಟ್ಟರೆ ಐದು ಹೊತ್ತಿಗೆ ಸಿಗುವ ನೀರು ನಾಲ್ಕೈದು ಕುಂಡಗಳಿಗೆ ಸಾಕು. ವುಝೂ ಮಾಡಿದ ನೀರು ಅಶುದ್ಧವಲ್ಲ, ಗಿಡಕ್ಕೆ ಹಾಕಲು ಅಡ್ಡಿಯಿಲ್ಲ. ಪ್ರವಾದಿ(ಸ)ರು ಸುಮಾರು ಮುಕ್ಕಾಲು ಲೀಟರಿನಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಾವು ನಲ್ಲಿ ಬಿಟ್ಟುಕೊಂಡು ಎಷ್ಟು ಹರಿಸುತ್ತೇವೆಂಬುದು ಬೋಗುಣಿ ಇಟ್ಟ ದಿನ ಗೊತ್ತಾಗುತ್ತದೆ. ನನಗೂ ಅಂದೇ ಗೊತ್ತಾದದ್ದು!

ಮಳೆನೀರಿಗೆ ಮಾತ್ರ ಸರಿಸಾಟಿಯಿಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ಒಂದು ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿ ಮುಚ್ಚಿಡಿ. ಸಾಕಾಗದಿದ್ದರೆ ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಸರಿ. ಬೋರ್ ನೀರು ಬಿಟ್ಟರೆ ಬೇರೆ ಗತಿಯೇ ಇಲ್ಲವೆನ್ನುವವರು ಹದಿನೈದು ದಿನಕ್ಕೊಮ್ಮೆಯಾದರೂ ಒಂದು ಕೊಡ ಸಿಹಿ ನೀರನ್ನು ನಿಧಾನವಾಗಿ ಸುರಿದು, ಅದು ಕುಂಡದ ತಳದ ತೂತಿನಿಂದ ಹರಿದು ಹೋಗುವಂತೆ ಮಾಡಬೇಕು. ಉಪ್ಪು ಅದರೊಂದಿಗೆ ತೊಳೆದು ಹೋಗುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಮಣ್ಣಿನಲ್ಲೂ ನಮ್ಮ ಕಡೆ ಒಂದು ತೊಡಕಿದೆ. ಎರೆಮಣ್ಣು ಹತ್ತಿ, ಜೋಳಕ್ಕೆ ಚಿನ್ನದಂಥದ್ದು, ಕುಂಡಕ್ಕಲ್ಲ. ಹಸಿಯಾದಾಗ ಬೇರಿಗೆ ಉಸಿರು ಕಟ್ಟಿಸುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಜೊತೆಗೆ ಸುಣ್ಣದ ಅಂಶ ಹೆಚ್ಚು. ಒಂದು ಚಮಚ ಒಣಮಣ್ಣಿನ ಮೇಲೆ ಅಡುಗೆಯ ವಿನಿಗರ್ ನಾಲ್ಕು ಹನಿ ಹಾಕಿ ನೋಡಿ. ಬುರಬುರನೆ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಆದ್ದರಿಂದ ಎಲ್ಲರೂ ಹೇಳುವ ಮೊಟ್ಟೆಯ ಚಿಪ್ಪಿನ ಪುಡಿಯನ್ನು ನಮ್ಮ ಸಹೋದರಿಯರು ಹಾಕಬೇಕಾಗಿಲ್ಲ. ಅದೂ ಸುಣ್ಣವೇ. ಒಲೆಯ ಬೂದಿಯನ್ನೂ ದೂರವಿಡಿ.

ಕೆಂಪು ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು ಒಂದು ಪಾಲು ಕಲಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಹತ್ತು ಇಂಚಿನ ಮಣ್ಣಿನ ಕುಂಡ ಸಾಕು. ಎಣ್ಣೆಯ ತಗಡಿನ ಡಬ್ಬಿ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಗಾಡಿಯವರು ಕೊಡುವ ಸಸಿಯ ಬುಡದಲ್ಲಿ ಸಾಮಾನ್ಯವಾಗಿ ಜಿಗಟು ಕೆಂಪು ಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಅದನ್ನು ಹಾಗೆಯೇ ನೆಟ್ಟರೆ ನೀರು ಉಂಡೆಯ ಸುತ್ತ ಹರಿದು ಹೋಗುತ್ತದೆ, ಒಳಗಿನ ಬೇರು ಒಣಗುತ್ತದೆ. ಬಕೆಟ್ಟಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹೊರಗಿನ ಮಣ್ಣನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ ನೆಡಿ. ಈ ಕೆಲಸ ಜೂನ್-ಜುಲೈಯಲ್ಲಿ ಅಥವಾ ಚಳಿಗಾಲದಲ್ಲಿ ಆಗಬೇಕು, ಬೇಸಿಗೆಯಲ್ಲಿ ಬೇಡ.

ಕುಂಡದಲ್ಲೇ ಬೆಳೆಸಿ ಎನ್ನಲು ಇನ್ನೊಂದು ಕಾರಣವಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಬಂದಾಗ ಅಂಗಳದ ಗಿಡಗಳೆಲ್ಲ ನೀರುಪಾಲಾದವು. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಊರನ್ನೇ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಿವೆ. ಬೇವು, ನುಗ್ಗೆಗಳನ್ನು ಹೊತ್ತು ತರಲಾಗಲಿಲ್ಲ. ಕುಂಡವಾದರೆ ಮಾಳಿಗೆಗೂ ಏರುತ್ತದೆ, ಟ್ರ್ಯಾಕ್ಟರಿಗೂ ಏರುತ್ತದೆ.

ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುವಾಗ ಬಿಳಿ ಎಸಳಿನ ಅಂಚು ಕಂದುತ್ತದೆ. ಪೂರ್ವದ ಗೋಡೆಯ ಬಳಿ, ಮಧ್ಯಾಹ್ನದ ನಂತರ ನೆರಳು ಬೀಳುವಲ್ಲಿ ಕುಂಡ ಇಡಿ. ಫಜ್ರ್ ನಮಾಝಿನ ನಂತರ ನೀರು ಹಾಕಿ. ಕಬ್ಬಿನ ರವದಿಯನ್ನು ಬೆರಳುದ್ದ ಕತ್ತರಿಸಿ ಮಣ್ಣಿನ ಮೇಲೆ ಹೊದಿಸಿದರೆ ತೇವ ಉಳಿಯುತ್ತದೆ. ಎಲೆಯ ಅಡಿಯಲ್ಲಿ ನವಿರಾದ ಜೇಡರ ಬಲೆ ಕಂಡರೆ ಅದು ಕೆಂಪು ನುಸಿ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಚಿಮುಕಿಸಿದರೆ ಸಾಕು. ಹೂವಿನೊಳಗಿನ ನುಸಿಗೆ ಬೇವಿನ ಎಣ್ಣೆ ಲೀಟರಿಗೆ ಒಂದು ಚಮಚ, ಎರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಹೊಲದ ಔಷಧಿಯ ಉಳಿದ ಬಾಟಲಿಯನ್ನು ಮಕ್ಕಳಿರುವ ಮನೆಯಂಗಳಕ್ಕೆ ತರಲೇಬೇಡಿ.

ಈದಿಗೆ ಹೂವು ಬೇಕೆನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕತ್ತರಿ ಹಾಕಿದ ಮೇಲೆ ಈ ಗಿಡ ಸುಮಾರು 40ರಿಂದ 45 ದಿನಕ್ಕೆ ಹೂ ಬಿಡುತ್ತದೆ. ಶಅಬಾನ್ ಅರ್ಧ ಕಳೆದಾಗ ಪ್ರತಿ ಕೊಂಬೆಯ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಒಂದು ಹಿಡಿ ಗೊಬ್ಬರ ಕೊಟ್ಟರೆ ರಮಝಾನಿನ ಕೊನೆಯ ದಿನಗಳಲ್ಲಿ ಮೊಗ್ಗು ಬರುತ್ತದೆ. ಈದ್ ಕಡು ಬೇಸಿಗೆಗೆ ಬಿದ್ದ ವರ್ಷ ಮಾತ್ರ ಇಷ್ಟು ಕತ್ತರಿಸಬೇಡಿ, ಬಾಡಿದ ಹೂಗಳನ್ನಷ್ಟೇ ಚಿವುಟಿ.

ಚಳಿಗಾಲದಲ್ಲಿ ಕತ್ತರಿಸಿದ ಕಡ್ಡಿಗಳನ್ನು ಎಸೆಯಬೇಡಿ. ಬಟನ್ ಗುಲಾಬಿಗೆ ಕಸಿ ಬೇಕಿಲ್ಲ. ಗೇಣಿಗಿಂತ ಕಡಿಮೆ ಉದ್ದದ ಕಡ್ಡಿಯನ್ನು ಹಸಿ ಮರಳಿನಲ್ಲಿ ಊರಿ ನೆರಳಲ್ಲಿಟ್ಟರೆ ಆರೇಳು ವಾರದಲ್ಲಿ ಬೇರು ಬಿಡುತ್ತದೆ. ಬನಹಟ್ಟಿಯ ಆ ಸಹೋದರಿಗೆ ನಾನು ಹೀಗೆ ಮಾಡಿದ ಎರಡು ಸಸಿಗಳನ್ನು ಕೊಟ್ಟೆ. ಅವರು ಡ್ರಮ್ಮಿಗೆ ಬಟ್ಟೆ ಕಟ್ಟಿ ಮಳೆನೀರು ಹಿಡಿದಿಟ್ಟಿದ್ದರು. ಮುಂದಿನ ಮೇ ತಿಂಗಳಲ್ಲಿ ಒಂದು ಸಸಿ ಹೋಯಿತು, ಒಂದು ಉಳಿಯಿತು. ಉಳಿದ ಗಿಡದ ಕಡ್ಡಿಯನ್ನು ಈಗ ಅವರ ಅತ್ತೆಯೇ ನೆರೆಮನೆಗೆ ಊರಿಕೊಟ್ಟು ಬಂದಿದ್ದಾರಂತೆ, “ನಮ್ಮ ಸೊಸಿ ಬೆಳಸ್ಯಾಳ” ಎಂದು ಹೇಳಿ.