ಗಣಕ ಕಟ್ಟೆ: ಡಬ್ಲ್ಯು ಒತ್ತುವ ಮುನ್ನ

ಹೋದ ಸಂಚಿಕೆಯಲ್ಲಿ ರೂಬಿ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಪರದೆಯ ಮೇಲೆ ನಮ್ಮ ಹೆಸರು ಮೂಡಿಸಿದ್ದೆವು. ಕಿಟಕಿ ಮುಚ್ಚಿದರೆ ಅದು ಮಾಯ. ಉಳಿಯಬೇಕೆಂದರೆ ಫೈಲಿಗೆ ಬರೆಯಬೇಕು.

ರೂಬಿ ನಾವಿರುವ ಈ ನಾಡಿನದೇ ಕೂಸು. ಯುಕಿಹಿರೊ ಮತ್ಸುಮೊತೊ ಅವರು 1993ರಲ್ಲಿ ಕೈಹಾಕಿ 1995ರಲ್ಲಿ ಹೊರತಂದರು. ಆಗ ಹೆಸರಾಗಿದ್ದ ಪರ್ಲ್ ಕಿವಿಗೆ ಮುತ್ತು ಎಂದೇ ಕೇಳುತ್ತದೆ. ಅದಕ್ಕೆ ಜೊತೆಯಾಗಿ ಇದು ಮಾಣಿಕ್ಯ.

ಫೈಲ್ ಡಾಟ್ ಓಪನ್ ಎಂದು ಬರೆದು (ಫೈಲ್‌ನ ಮೊದಲಕ್ಷರ ದೊಡ್ಡದು, ಮಿಕ್ಕವು ಸಣ್ಣವು) ಆವರಣದೊಳಗೆ ಫೈಲಿನ ಹೆಸರನ್ನೂ ಒಂದು ಅಕ್ಷರವನ್ನೂ ಕೊಡುತ್ತೇವೆ. 'ಆರ್' ಎಂದರೆ ಓದು. 'ಎ' ಎಂದರೆ ಇರುವುದರ ಕೊನೆಗೆ ಸೇರಿಸು. ಫೈಲ್ ಇಲ್ಲದಿದ್ದರೆ ಹೊಸದಾಗಿ ಮಾಡು. 'ಡಬ್ಲ್ಯು' ಎಂದರೆ ಬರೆ. ಆದರೆ ಫೈಲ್ ಮೊದಲೇ ಇದ್ದರೆ, ನೀವು ಒಂದಕ್ಷರ ಬರೆಯುವ ಮೊದಲೇ, ತೆರೆದ ಕ್ಷಣದಲ್ಲೇ ಅದನ್ನು ಖಾಲಿ ಮಾಡಿಬಿಡುತ್ತದೆ. ಕೇಳುವುದಿಲ್ಲ, ಕಸದ ಬುಟ್ಟಿಗೂ ಹಾಕುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಭಾನುವಾರದ ಫೋನಿನಲ್ಲಿ ಅಮ್ಮ ಹೇಳಿದ ಆರತಿ, ಹಸೆ ಹಾಡುಗಳನ್ನು ಒಂದೇ ಫೈಲಿನಲ್ಲಿ ಬರೆದಿಟ್ಟಿದ್ದೆ, 23 ಆಗಿದ್ದವು. ಹೊಸದಾಗಿ ಕಲಿತ ಉತ್ಸಾಹ ನೋಡಿ, 24ನೆಯದನ್ನು ರೂಬಿಯಿಂದಲೇ ಸೇರಿಸಲು ಹೋಗಿ 'ಡಬ್ಲ್ಯು' ಹಾಕಿದೆ. ತೆರೆದು ನೋಡಿದರೆ ಒಂದೇ ಹಾಡು. ಅಮ್ಮನಿಗೆ ಫೋನ್ ಮಾಡಿದೆ. "ನೀನು ಬರ್ಕೊಂಡಿದ್ಯಲ್ಲ ಅಂತ ನಾನು ನೆನಪಿಟ್ಕೊಳ್ಳೋದೇ ಬಿಟ್ಟೆ ಕಣೋ" ಎಂದರು.

ಪುಣ್ಯಕ್ಕೆ ಊರಿನಲ್ಲಿರುವ ತಂಗಿಗೆ ಹಿಂದೊಮ್ಮೆ 19 ಹಾಡುಗಳಿದ್ದ ಪ್ರತಿ ಕಳಿಸಿದ್ದೆ. ಅವಳು ವಾಪಸ್ ಕಳಿಸಿದಳು. ಇಲ್ಲಿಯ ನನ್ನ ಹಳೆಯ ಜಪಾನಿ ವಿಂಡೋಸ್ ಯಂತ್ರದಲ್ಲಿ ರೂಬಿಯಿಂದ ಓದಿಸಿದರೆ ಹಾಡಿನ ಬದಲು ಗುರುತೇ ಸಿಗದ ಕಾಂಜಿಗಳು! ಇದಕ್ಕೆ ಜಪಾನಿಯರು ಮೊಜಿಬಾಕೆ ಎನ್ನುತ್ತಾರೆ. ಮೊಜಿ ಎಂದರೆ ಅಕ್ಷರ. ಬಾಕೆ ಎಂದರೆ ರೂಪ ಬದಲಿಸುವುದು, ದೆವ್ವಕ್ಕೆ ಹೇಳುವ ಬಾಕೆಮೊನೊದಲ್ಲಿರುವುದೂ ಅದೇ ಪದ.

ಇಲ್ಲಿ ಏನೂ ಅಳಿದಿರಲಿಲ್ಲ. ಯುಟಿಎಫ್-8ರಲ್ಲಿ ನಮ್ಮ 'ಕ'ಗೆ ಮೂರು ಬೈಟ್. 'ಕ್ಕ' ಆದರೆ ನಡುವಿನ ಹಲಂತವೂ ಸೇರಿ ಒಂಬತ್ತು. ಜಪಾನಿ ವಿಂಡೋಸಿನ ಶಿಫ್ಟ್-ಜಿಸ್ ಕ್ರಮ ಅದನ್ನೇ ಎರಡೆರಡು ಬೈಟಿಗೊಂದು ಕಾಂಜಿ, ಕೆಲವೆಡೆ ಒಂದೇ ಬೈಟಿಗೊಂದು ಕತಕಾನ ಎಂದು ಕತ್ತರಿಸಿ ಓದುತ್ತದೆ. ಮೂರರ ಲೆಕ್ಕವನ್ನು ಎರಡರಲ್ಲಿ ಎಣಿಸಿದರೆ ಇನ್ನೇನಾದೀತು? 'ಆರ್' ಪಕ್ಕದಲ್ಲಿ ಕೋಲನ್ ಹಾಕಿ ಯುಟಿಎಫ್-8 ಎಂದು ಬರೆದೆ, ಹಾಡುಗಳು ಬಂದವು. 2020ರ ಡಿಸೆಂಬರ್ 25ರಂದು ಬಂದ ರೂಬಿ 3.0ರಿಂದ ವಿಂಡೋಸಿನಲ್ಲೂ ಯುಟಿಎಫ್-8 ತಾನಾಗಿಯೇ ಇರುತ್ತದೆ. ಹಳೆಯ ಆವೃತ್ತಿ ಇದ್ದವರು ಮಾತ್ರ ಬರೆಯಲೇಬೇಕು.

ಇನ್ನೊಂದು ಮಾತು. ಬರೆದದ್ದು ಕೂಡಲೇ ಡಿಸ್ಕಿಗೆ ಹೋಗದೆ ಸ್ವಲ್ಪ ಹೊತ್ತು ಸ್ಮೃತಿಯಲ್ಲಿ ಕಾಯುತ್ತಿರಬಹುದು; ಮುಚ್ಚಿದಾಗ ಹೋಗುತ್ತದೆ. ಓಪನ್ ಆದಮೇಲೆ 'ಡೂ' ಎಂದು ಆರಂಭಿಸಿ 'ಎಂಡ್' ಎಂದು ಮುಗಿಸಿದರೆ ರೂಬಿಯೇ ಮುಚ್ಚುತ್ತದೆ. ಮರೆಗುಳಿಗಳಿಗೆ ಇದೇ ವಾಸಿ.

ಕಳೆದುಹೋದ ನಾಲ್ಕರಲ್ಲಿ ಒಂದರ ಅರ್ಧ ಅಮ್ಮನಿಗೆ ಆಮೇಲೆ ನೆನಪಾಯಿತು. 'ಎ' ಹಾಕಿ ಸೇರಿಸಿದ್ದೇನೆ. ಈಗ ಫೈಲಿನಲ್ಲಿ ಇಪ್ಪತ್ತೂವರೆ ಹಾಡುಗಳಿವೆ. ಮುಂದಿನ ಸಂಚಿಕೆಯಲ್ಲಿ ಫೈಲನ್ನು ಸಾಲುಸಾಲಾಗಿ ಓದಿಸಿ, ಬೇಕಾದ ಪದ ಹುಡುಕುವುದನ್ನು ನೋಡೋಣ.